ಬಿಳಿ ಟ್ರೇಲರಿನಲ್ಲಿ ಗಡಿಯವರೆಗೆ

೧೯೯೦ರ ಸೆಪ್ಟೆಂಬರ್ ಮೊದಲ ವಾರದ ಒಂದು ಬೆಳಿಗ್ಗೆ ಐದೂವರೆಗೆ ನಾವು ಮೂವರು ಕುವೈತಿನ ಫಿಂಟಾಸ್ ಬಿಟ್ಟೆವು. ನಾನು, ನನ್ನೊಡನೆ ಒಂಬತ್ತು ವರ್ಷ ಒಂದೇ ಕಂಪನಿಯಲ್ಲಿ ದುಡಿದ ಲಾರೆನ್ಸ್, ಅವರ ಹೆಂಡತಿ ಐರಿನ್. ಬಸ್ರಾ, ಬಾಗ್ದಾದ್ ದಾಟಿ ಜೋರ್ಡಾನಿನ ಅಮ್ಮಾನ್ ತಲುಪಬೇಕಿತ್ತು. ಅಲ್ಲಿಂದ ಬೊಂಬಾಯಿಗೆ ವಿಮಾನ ಸಿಗುತ್ತದೆ ಎಂದು ಸುದ್ದಿ ಇತ್ತು. ದಾರಿ ಸಾವಿರದ ಐನೂರು ಕಿಲೋಮೀಟರಿಗೂ ಹೆಚ್ಚು, ಬಹುಪಾಲು ಮರಳುಗಾಡು. ಕತ್ತಲಾದ ಮೇಲೆ ವಾಹನ ಓಡಿಸುವಂತಿರಲಿಲ್ಲ. ಆದ್ದರಿಂದ ಬಿಸಿಲಿನಲ್ಲೇ ಹೋಗಬೇಕಾಗಿತ್ತು.

ನಾನು ಮೈಸೂರಿನವನು. ಅಬು ಹಲೀಫಾದಲ್ಲಿ ವಾಸ, ಎ.ಸಿ. ಮತ್ತು ಶೀತಲ ಕೋಣೆಗಳ ದುರಸ್ತಿ ನೋಡಿಕೊಳ್ಳುವ ಎಂಜಿನಿಯರ್. ಹೆಂಡತಿ, ಮಗಳು ಶಾಲೆಯ ರಜೆಗೆಂದು ಜೂನ್‌ನಲ್ಲೇ ಊರಿಗೆ ಹೋಗಿದ್ದರು. ಆಗಸ್ಟಿನಲ್ಲಿ ಇರಾಕಿನ ಸೈನ್ಯ ಬಂದಾಗ ನಾನೊಬ್ಬನೇ ಇದ್ದೆ. ಲಾರೆನ್ಸ್ ಶಿರ್ವದ ಕಡೆಯವರು, ನಮ್ಮ ಕಂಪನಿಯ ಸ್ಟೋರ್‌ಕೀಪರ್. ಐರಿನ್ ಆಸ್ಪತ್ರೆಯಲ್ಲಿ ನರ್ಸ್. ಮಕ್ಕಳಿರಲಿಲ್ಲ.

ಸೈನ್ಯ ಬಂದ ಮೂರನೆಯ ವಾರ, ರೊಟ್ಟಿ ಅಂಗಡಿಯ ಸಾಲಿನಲ್ಲಿ ನಿಂತಿದ್ದ ಲಾರೆನ್ಸ್ ಎದೆ ಹಿಡಿದುಕೊಂಡು ಕುಸಿದರು. ಐರಿನ್ ಅವರನ್ನು ಆರು ದಿನ ಆಸ್ಪತ್ರೆಯಲ್ಲಿಟ್ಟುಕೊಂಡರು. ಅಷ್ಟರಲ್ಲಿ ಡಾಕ್ಟರುಗಳು ಒಬ್ಬೊಬ್ಬರೇ ಹೊರಟುಹೋಗುತ್ತಿದ್ದರು, ಔಷಧಿ ಖಾಲಿಯಾಗುತ್ತಿತ್ತು. ಉಳಿದ ಒಬ್ಬ ಡಾಕ್ಟರು ಮೂರು ವಾರದ ಗುಳಿಗೆ ಕೊಟ್ಟು, "ಊರಿಗೆ ಕರೆದುಕೊಂಡು ಹೋಗಿ. ಆದರೆ ಮಲಗಿಸಿಕೊಂಡೇ ಹೋಗಬೇಕು, ಸೆಕೆ ತಾಗಕೂಡದು" ಎಂದರಂತೆ. ಅಮ್ಮಾನ್‌ಗೆ ಹೋಗುವ ಬಸ್ಸುಗಳಲ್ಲಿ ನಿಲ್ಲುವುದಕ್ಕೂ ಜಾಗವಿರಲಿಲ್ಲ.

ಆಗ ನೆನಪಾದದ್ದು ನಮ್ಮ ಕಂಪನಿಯ ಟ್ರೇಲರುಗಳು. ಅಹ್ಮದಿಯ ಹಿಂದಿನ ಮರಳುಗಾಡಿನ ಯಾರ್ಡಿನಲ್ಲಿ, ಎಣ್ಣೆಬಾವಿಯ ಕೆಲಸದವರು ತಂಗಲೆಂದು ಇಟ್ಟಿದ್ದ ಎರಡು ಗಾಲಿಮನೆಗಳಿದ್ದವು. ಅವನ್ನು ಎಳೆಯುವ ಕಂಪನಿಯ ಪಿಕಪ್ಪಿನ ಹಿಂಬದಿಯ ತೊಟ್ಟಿಯಲ್ಲಿ, ಹಿಂಚಕ್ರಗಳ ಮೇಲೆಯೇ, ಒಂದು ದುಂಡು ಕಬ್ಬಿಣದ ತಟ್ಟೆ ಇರುತ್ತದೆ. ಟ್ರೇಲರಿನ ಮೂತಿ ಅದರ ಮೇಲೆ ಕೂತು ಕೊಂಡಿ ಬೀಳುತ್ತದೆ. ಅದಕ್ಕೇ ಫಿಫ್ತ್ ವೀಲ್, ಐದನೆಯ ಚಕ್ರ, ಎಂದು ಹೆಸರು. ಬಾಲಕ್ಕೆ ಕಟ್ಟಿ ಎಳೆಯುವ ಗಾಡಿಯ ಹಾಗೆ ಇದು ಅತ್ತಿತ್ತ ತೂರಾಡುವುದಿಲ್ಲ. ರೋಗಿಯನ್ನು ಮಲಗಿಸಲು ಇದಕ್ಕಿಂತ ಒಳ್ಳೆಯದು ಹೊಳೆಯಲಿಲ್ಲ. ಕಫೀಲ್, ಅಂದರೆ ನಮ್ಮ ಮಾಲೀಕ, ಮೊದಲ ವಾರವೇ ಸಂಸಾರ ಸಮೇತ ಸೌದಿಗೆ ಹೋಗಿದ್ದ. ಹೋಗುವಾಗ ಲಾರೆನ್ಸ್ ಕೈಗೆ ಬೀಗದ ಕೈಗಳ ಗೊಂಚಲು ಕೊಟ್ಟು, "ಬೇಕಾದ್ದು ತೆಗೆದುಕೊಂಡು ಜೀವ ಉಳಿಸಿಕೊಳ್ಳಿ" ಎಂದಿದ್ದ.

ಹೊರಡುವ ಎರಡು ದಿನ ಮೊದಲು ನಾನು ಬೆಳಗಾಗುತ್ತಲೇ ಯಾರ್ಡಿಗೆ ಹೋದೆ. ಕಾವಲಿನ ಗುಲ್ ಖಾನ್ ಪೇಶಾವರದ ಕಡೆಯ ಮುದುಕ. ಅವನು ನೇರವಾಗಿ ಹಸಿರು ಟ್ರೇಲರಿನ ಬಾಗಿಲು ತೆಗೆದು, "ಭಾಯಿ, ಇದು ಸಾಹೇಬರದು" ಎಂದ. ನೋಡಲು ಅರಮನೆಯಂತಿತ್ತು. ಸೋಫಾ, ನೆಲಕ್ಕೆ ಕಾರ್ಪೆಟ್, ದೊಡ್ಡ ಕಿಟಕಿಗಳು, ಗ್ಯಾಸ್ ಒಲೆ. ಗೋಡೆಗೆ ಬೆರಳಿನಿಂದ ಬಡಿದರೆ ಖಾಲಿ ಡಬ್ಬದ ಸದ್ದು. ಸ್ವಿಚ್ಚಿನ ಮುಚ್ಚಳ ಬಿಚ್ಚಿ ಟಾರ್ಚ್ ಹಾಕಿದೆ. ಸೆಕೆ ತಡೆಯಲೆಂದು ಒಳಗೆ ತುಂಬಿದ್ದ ಗ್ಲಾಸ್ ವೂಲ್ ವರ್ಷಗಳ ಕುಲುಕಾಟಕ್ಕೆ ಜಾರಿ ಬುಡದಲ್ಲಿ ಮುದ್ದೆಯಾಗಿತ್ತು. ಮೇಲರ್ಧ ಬರೀ ಪೊಳ್ಳು. ನೆಲದ ಪ್ಲೈವುಡ್ಡಿನ ಕೆಳಗೆ ಏನೂ ಇರಲಿಲ್ಲ. ಚಾವಣಿಯ ಮೂಲೆಯಲ್ಲಿ ನೀರು ಇಳಿದ ಕಲೆ.

ಬಿಳಿಯದು ಚಿಕ್ಕದು, ಕುರೂಪಿ. ಎರಡು ಮಂಚ, ಒಂದು ಕಪಾಟು. ಹೊರಗಿನ ತಗಡು ಅಲ್ಲಲ್ಲಿ ನೆಗ್ಗಿತ್ತು. ಆದರೆ ಗೋಡೆ ನಮ್ಮ ಶೀತಲ ಕೋಣೆಗಳ ಗೋಡೆಯಂತೆಯೇ ಇತ್ತು: ಎರಡು ತಗಡುಗಳ ನಡುವೆ ಮೂರು ಬೆರಳು ದಪ್ಪ ಫೋಮ್ ಎರೆದು ಗಟ್ಟಿ ಮಾಡಿದ್ದು. ನೆಲಕ್ಕೂ ಚಾವಣಿಗೂ ಅದೇ. ಕಿಟಕಿಗೆ ಜೋಡಿ ಗಾಜು. ಬಾಗಿಲಿನ ರಬ್ಬರ್ ಅಂಚಿಗೆ ಕಾಗದದ ಚೂರು ಸಿಕ್ಕಿಸಿ ಮುಚ್ಚಿ ಎಳೆದೆ. ಕಾಗದ ಹರಿಯಿತೇ ಹೊರತು ಜಾರಲಿಲ್ಲ.

ಕಣ್ಣಂದಾಜು ಸಾಲದೆಂದು ಎರಡನ್ನೂ ಪರೀಕ್ಷೆ ಮಾಡಿದೆ. ಜನರೇಟರ್ ಹಚ್ಚಿ ಎರಡರ ಎ.ಸಿ.ಯನ್ನೂ ಓಡಿಸಿ, ಇಪ್ಪತ್ತಾರು ಡಿಗ್ರಿಗೆ ಇಳಿದ ಮೇಲೆ ಆರಿಸಿ, ಒಂದೊಂದು ಥರ್ಮಾಮೀಟರ್ ಒಳಗಿಟ್ಟು ಬಾಗಿಲು ಹಾಕಿದೆ. ಹೊರಗೆ ನಲವತ್ತೇಳು. ಗುಲ್ ಖಾನ್ ಕೊಟ್ಟ ಕಪ್ಪು ಚಹಾ ಕುಡಿಯುತ್ತ ಒಂದು ಗಂಟೆ ಕಾದೆ. ಹಸಿರಿನೊಳಗೆ ಮೂವತ್ತೊಂಬತ್ತಾಗಿತ್ತು. ಬಿಳಿಯದರಲ್ಲಿ ಮೂವತ್ತೊಂದು. ಪೆಟ್ರೋಲ್ ಸಿಗುವುದು ಖಾತ್ರಿಯಿಲ್ಲದ ದಾರಿಯಲ್ಲಿ ಈ ಎಂಟು ಡಿಗ್ರಿಯೇ ಎಲ್ಲ ಎಂದುಕೊಂಡೆ. ಹಸಿರು ಟ್ರೇಲರಿನ ಹೊಸ ಟೈರುಗಳನ್ನು ಕಳಚಿ ಬಿಳಿಯದಕ್ಕೆ ಹಾಕಿದೆವು.

ಸಂಜೆ ಫಿಂಟಾಸ್‌ನ ಅವರ ಮನೆಯಲ್ಲಿ ಲಾರೆನ್ಸ್‌ಗೆ ಎಲ್ಲ ವಿವರಿಸಿದೆ. ದಿಂಬಿಗೆ ಒರಗಿ ಕೇಳುತ್ತಿದ್ದವರು, "ಬಿಳಿಯದ್ದರ ದಫ್ತರ್ ಇಲ್ಲ ಮಾರಾಯ್ರೆ" ಎಂದರು. ದಫ್ತರ್ ಎಂದರೆ ವಾಹನದ ನೋಂದಣಿ ಪುಸ್ತಕ. "ಅದು ಕಫೀಲನ ಮನೆಯಲ್ಲೇ ಬಾಕಿ. ಹಸಿರಿನದ್ದು ನನ್ನ ಫೈಲಿನಲ್ಲಿ ಉಂಟು."

"ಈಗ ದಫ್ತರ್ ಯಾರ್ರೀ ಕೇಳ್ತಾರೆ? ಕುವೈತ್ ಅನ್ನೋ ದೇಶವೇ ಇಲ್ಲ ಅಂತಿದಾರೆ. ನಮಗೆ ಬೇಕಾಗಿರೋದು ತಂಪು" ಎಂದೆ.

ಅವರು ಐರಿನ್ ಮುಖ ನೋಡಿ, "ಆಯ್ತು. ಗೋಡೆಯ ವಿಷಯ ನಿಮಗೆ ಗೊತ್ತು" ಎಂದರು.

ಹೊರಟ ದಿನ ಜಹ್ರಾ ದಾಟುವಾಗ ಎರಡೂ ಬದಿಗೆ ಸುಟ್ಟ ಕಾರುಗಳು ಕಂಡವು. ಲಾರೆನ್ಸ್, ಐರಿನ್ ಟ್ರೇಲರಿನೊಳಗೆ, ನಾನು ಪಿಕಪ್ಪಿನಲ್ಲಿ. ಪಿಕಪ್ಪಿನ ಎ.ಸಿ. ಎರಡು ವರ್ಷದ ಹಿಂದೆಯೇ ಸತ್ತಿತ್ತು. ರಿಪೇರಿ ನನ್ನದೇ ಕಸುಬಾದರೂ ಮುಂದೂಡುತ್ತಲೇ ಬಂದಿದ್ದೆ, ಸೈನ್ಯ ಬಂದ ಮೇಲೆ ಅದಕ್ಕೆ ತುಂಬುವ ಗ್ಯಾಸ್ ಸಿಗಲಿಲ್ಲ. ಟ್ರೇಲರಿನಿಂದ ಒಂದು ಹಗ್ಗ ತಂದು ನನ್ನ ಎಡಗೈಗೆ ಕಟ್ಟಿಕೊಂಡಿದ್ದೆ. ಐರಿನ್ ಎಳೆದರೆ ನಿಲ್ಲಿಸಬೇಕು. ಒಂದು ಗಂಟೆ ಜನರೇಟರ್ ಓಡಿಸುವುದು, ಒಂದೂವರೆ ಗಂಟೆ ಆರಿಸುವುದು, ಹೀಗೆ ನಡೆಯಿತು. ಗಂಟೆಗೆ ಅರವತ್ತರ ಮೇಲೆ ಹೋಗಲಿಲ್ಲ. ತಪಾಸಣೆಯ ಸೈನಿಕರು ಬಾಗಿಲು ತೆಗೆದು ಇಣುಕಿ, ತಂಪು ಗಾಳಿ ಮುಖಕ್ಕೆ ಬಡಿದೊಡನೆ ಸ್ವಲ್ಪ ಹೊತ್ತು ಅಲ್ಲೇ ನಿಂತು, "ಯಲ್ಲಾ" ಎಂದು ಕಳಿಸಿದರು. ಯಾರೂ ಕಾಗದ ಕೇಳಲಿಲ್ಲ.

ಸೂರ್ಯ ಮುಳುಗುವ ಮೊದಲೇ ನಾಸಿರಿಯಾದ ಹತ್ತಿರ ಪೆಟ್ರೋಲ್ ಬಂಕೊಂದರ ಅಂಗಳದಲ್ಲಿ ನಿಲ್ಲಿಸಿದೆವು. ಐರಿನ್ ಗಂಜಿ ಕಾಯಿಸಿ, ಫಿಂಟಾಸ್‌ನಿಂದ ತಂದ ಮಾವಿನ ಉಪ್ಪಿನಕಾಯಿ ಬಡಿಸಿದರು. ಲಾರೆನ್ಸ್ ಎದ್ದು ಕೂತು ಅರ್ಧ ಬಟ್ಟಲು ಕುಡಿದರು. ಕೈಯಿಂದ ಗೋಡೆ ಮುಟ್ಟಿ ನೋಡಿ, "ಒಳ್ಳೆ ಗೋಡೆ ಇದು. ಊರಿಗೆ ಹೋಗಿ ಮಲ್ಪೆಯಲ್ಲಿ ಒಂದು ಐಸ್ ಫ್ಯಾಕ್ಟರಿ ಹಾಕುವ ಮೂರ್ತಿಯವರೇ. ಗೋಡೆ ನೀವು ಕಟ್ಟಿಸಿ, ಗೇಟು ನಾನು ನೋಡಿಕೊಳ್ಳುತ್ತೇನೆ" ಎಂದರು.

"ನನಗೆ ಮೀನಿನ ವಾಸನೆ ಆಗಲ್ವಲ್ರೀ."

"ಅಭ್ಯಾಸ ಆಗ್ತದೆ. ನನಗೆ ನಿಮ್ಮ ಮೈಸೂರಿನವರ ಸಿಹಿ ಸಾಂಬಾರು ಅಭ್ಯಾಸ ಆಗಲಿಲ್ವಾ?"

ಐರಿನ್ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು. ಒಂದು ತಿಂಗಳಲ್ಲಿ ಅವರು ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಎರಡನೆಯ ದಿನ ಸಮಾವಾದಲ್ಲಿ ಐಸ್ ಕೇಳಿಕೊಂಡು ಒಂದು ಕಾರ್ಖಾನೆಗೆ ಹೋದೆ. ಒಳಗೆ ರೋಗಿ ಇದ್ದಾರೆಂದು ಹೇಳಿದೊಡನೆ ಅಲ್ಲಿನ ಮುದುಕ ಎರಡು ಉದ್ದನೆಯ ಗಡ್ಡೆಗಳನ್ನು ಗೋಣಿಯಲ್ಲಿ ಸುತ್ತಿ ತಾನೇ ಹೊತ್ತು ತಂದು ಟ್ರೇಲರಿನೊಳಗೆ ಇಟ್ಟ. ದುಡ್ಡು ಮುಟ್ಟಲಿಲ್ಲ. ತನ್ನ ಮಗನೂ ಸೈನ್ಯದೊಡನೆ ಕುವೈತಿನಲ್ಲಿದ್ದಾನೆ, ಎಲ್ಲಾದರೂ ನೋಡಿದಿರಾ ಎಂದು ಕೇಳಿದ. ಇಲ್ಲವೆಂದೆ. ಮೂರನೆಯ ದಿನ ಬಾಗ್ದಾದ್ ಹಿಂದೆ ಬಿತ್ತು. ರುತ್ಬಾ ಸೇರುವ ಹೊತ್ತಿಗೆ ಮರ, ಮನೆ, ನೆರಳು ಯಾವುದೂ ಉಳಿದಿರಲಿಲ್ಲ. ರಸ್ತೆ ಬದಿಯಲ್ಲಿ ಪೆಟ್ಟಿಗೆ ಹೊತ್ತು ನಡೆಯುವವರು ಸಿಗತೊಡಗಿದರು. ಪ್ರತಿ ನಿಲುಗಡೆಯಲ್ಲೂ ನಾನು ಬಾಗಿಲು ತೆಗೆದು ಕೇಳುತ್ತಿದ್ದೆ, ಐರಿನ್ ನಾಡಿ ಹಿಡಿದುಕೊಂಡೇ ಹೇಳುತ್ತಿದ್ದರು: "ಮಲಗಿದ್ದಾರೆ. ಬೆವರು ಇಲ್ಲ."

ನಾಲ್ಕನೆಯ ದಿನ ಬೆಳಿಗ್ಗೆ ಎಂಟಕ್ಕೆ ಇರಾಕಿನ ಕೊನೆಯ ಠಾಣೆ ತಲುಪಿದೆವು. ನಮ್ಮ ಮುಂದೆ ಬಸ್ಸು, ಲಾರಿ, ಕಾರುಗಳ ಸಾಲು. ನಡುವಯಸ್ಸಿನ ಒಬ್ಬ ಅಧಿಕಾರಿ ಬಂದು, "ದಫ್ತರ್" ಎಂದ. ಪಿಕಪ್ಪಿನದು ಕೊಟ್ಟೆ. ಟ್ರೇಲರಿಗೆ ಕೈ ತೋರಿಸಿ ಮತ್ತೆ "ದಫ್ತರ್" ಎಂದ. ನನಗೆ ಬರುವ ಅರಬಿಯಲ್ಲೆಲ್ಲ ಹೇಳಿದೆ: ಕಫೀಲ್ ಓಡಿಹೋಗಿದ್ದಾನೆ, ಒಳಗೆ ಹೃದಯದ ರೋಗಿ ಇದ್ದಾರೆ. ಅವನು ಒಳಗೆ ಹತ್ತಿ ನೋಡಿದ. ಲಾರೆನ್ಸ್ ಕೈ ಎತ್ತಿ ಸಲಾಂ ಹೇಳಿದರು. ಅಧಿಕಾರಿ ಟೋಪಿ ತೆಗೆದು ಎದೆಯ ಮೇಲೆ ಕೈ ಇಟ್ಟುಕೊಂಡ. ಕೆಳಗಿಳಿದು, "ಮಾ ಯಸೀರ್" ಎಂದ. ಆಗುವುದಿಲ್ಲ. ಪಿಕಪ್ ಹೋಗಬಹುದು, ಕಾಗದವಿಲ್ಲದ್ದು ಗಡಿ ದಾಟುವಂತಿಲ್ಲ. ನಾನು ಅವನ ತೋಳು ಹಿಡಿದು ಬೇಡಿಕೊಂಡೆ. ಅವನು ಕೈ ಬಿಡಿಸಿಕೊಳ್ಳಲಿಲ್ಲ, ಆದರೆ ಮಾತನ್ನೂ ಬದಲಿಸಲಿಲ್ಲ.

ಹಿಂತಿರುಗಿ ಬಾಗ್ದಾದಿನ ಆಸ್ಪತ್ರೆಗೆ ಹೋಗೋಣ ಎಂದೆ. ಐನೂರು ಕಿಲೋಮೀಟರ್. ಜನರೇಟರಿಗೆ ಪೆಟ್ರೋಲ್ ಅದರ ಕಾಲುಭಾಗಕ್ಕೂ ಸಾಲದು. ಐರಿನ್ ಗಂಡನ ಕಡೆ ನೋಡಿದರು.

"ಇಷ್ಟು ದೂರ ಬಂದದ್ದು ಹಿಂದೆ ಹೋಗ್ಲಿಕ್ಕಾ?" ಎಂದರು ಲಾರೆನ್ಸ್. "ಆಚೆ ಡಾಕ್ಟರು ಇದ್ದಾರಂತಲ್ಲ. ಇನ್ನು ಎಪ್ಪತ್ತೋ ಎಂಬತ್ತೋ ಕಿಲೋಮೀಟರ್. ಹೋಗುವ."

ಕೊಂಡಿ ಬಿಚ್ಚಿ ಬಿಳಿ ಟ್ರೇಲರನ್ನು ಠಾಣೆಯ ಅಂಗಳದಲ್ಲಿ ಬಿಟ್ಟೆವು. ಲಾರೆನ್ಸ್‌ರನ್ನು ಪಿಕಪ್ಪಿನ ಮುಂದಿನ ಸೀಟಿನಲ್ಲಿ ನಮ್ಮಿಬ್ಬರ ನಡುವೆ ಕೂರಿಸಿಕೊಂಡು, ಕಿಟಕಿಗಳಿಗೆ ರಟ್ಟು ಒತ್ತಿ, ಉಳಿದ ಐಸಿನ ನೀರಿನಲ್ಲಿ ಹೊದಿಕೆ ಅದ್ದಿ ಅವರಿಗೆ ಸುತ್ತಿದೆವು. ಹತ್ತು ಗಂಟೆಗೆ ಠಾಣೆ ದಾಟಿ ಜೋರ್ಡಾನಿನ ಕಡೆಯ ಸಾಲಿಗೆ ಸೇರಿದೆವು. ಹತ್ತು ಮಾರು ಹೋಗುವುದು, ಅರ್ಧ ಗಂಟೆ ನಿಲ್ಲುವುದು. ಎರಡು ದೇಶಗಳ ನಡುವಿನ ಆ ಬಯಲಿನಲ್ಲಿ ಸಾವಿರಾರು ಜನ ಬಟ್ಟೆ ಕಟ್ಟಿ ನೆರಳು ಮಾಡಿಕೊಂಡು ಕೂತಿದ್ದರು. ನಾನು ಇಳಿದು ಸಾಲಿನುದ್ದಕ್ಕೂ ಓಡಿ ಡಾಕ್ಟರಿಗಾಗಿ ಕೇಳಿದೆ. ಒಬ್ಬರು ಕಂಪೌಂಡರ್ ಸಿಕ್ಕರು. ಅವರ ಹತ್ತಿರ ಇದ್ದದ್ದು ಗ್ಲೂಕೋಸ್ ಪುಡಿ ಮಾತ್ರ. ಸುತ್ತಿದ ಹೊದಿಕೆ ಕಾಲು ಗಂಟೆಗೆ ಒಣಗುತ್ತಿತ್ತು. ಮಧ್ಯಾಹ್ನಕ್ಕೆ ನೀರೂ ಬೆಚ್ಚಗಾಯಿತು.

ಎರಡು ಗಂಟೆಯ ಸುಮಾರಿಗೆ ಲಾರೆನ್ಸ್, "ಗ್ಲಾಸ್ ಸ್ವಲ್ಪ ಇಳಿಸಿ ಮೂರ್ತಿಯವರೇ, ಗಾಳಿ ಬರಲಿ" ಎಂದರು. ಇಳಿಸಿದೆ. ಒಲೆಯ ಬಾಯಿಯಿಂದ ಬಂದಂಥ ಗಾಳಿ. ಅವರ ತಲೆ ಐರಿನ್ ಹೆಗಲಿಗೆ ವಾಲಿತು. ಐರಿನ್ ಅವರನ್ನು ಸೀಟಿನ ಮೇಲೆ ಒರಗಿಸಿ ಎದೆ ಒತ್ತತೊಡಗಿದರು. ನಾನು ಹೊರಗಿಳಿದು ಕಾಲು ಹಿಡಿದುಕೊಂಡೆ. ಬಹಳ ಹೊತ್ತು ಒತ್ತಿದರು. ಆಮೇಲೆ ಕೈ ತೆಗೆದು, ನಾಡಿ ಹಿಡಿದು, ತಮ್ಮ ಗಡಿಯಾರ ನೋಡಿ, ಆಸ್ಪತ್ರೆಯಲ್ಲಿ ಹೇಳುವ ಹಾಗೆ, "ಎರಡು ಇಪ್ಪತ್ತು" ಎಂದರು. ಮುಂದಿನ ಲಾರಿ ಸರಿಯಿತು. ಹಿಂದಿನವರು ಹಾರ್ನ್ ಮಾಡಿದರು. ನಾನು ಗಾಡಿ ಮುಂದಕ್ಕೆ ತಂದು ನಿಲ್ಲಿಸಿದೆ.

ಐದು ಗಂಟೆಗೆ ಜೋರ್ಡಾನಿನ ಆಂಬುಲೆನ್ಸ್ ಬಂತು. ಮರುದಿನ ಅಮ್ಮಾನ್‌ನಲ್ಲಿ, ಗುಡ್ಡದ ಮೇಲಿನ ಕ್ರೈಸ್ತರ ಸ್ಮಶಾನದಲ್ಲಿ ಅವರನ್ನು ಮಣ್ಣು ಮಾಡಿದೆವು. ಪಾದ್ರಿ ಅರಬಿಯಲ್ಲಿ ಪ್ರಾರ್ಥಿಸಿದರು, ಐರಿನ್ ಕೊಂಕಣಿಯಲ್ಲಿ. ಗೋವಾದ ಇಬ್ಬರು, ನಾಲ್ವರು ಮಲಯಾಳಿಗಳು ಬಂದಿದ್ದರು. ಗುರುತಿಗೆ ಒಂದು ಮರದ ಶಿಲುಬೆ, ಅದರ ಮೇಲೆ ಕಪ್ಪು ಬಣ್ಣದಲ್ಲಿ ಹೆಸರು.

ನಮ್ಮನ್ನು ಒಂದು ಶಾಲೆಯಲ್ಲಿ ಇಳಿಸಿದ್ದರು. ಮೂರನೆಯ ಬೆಳಿಗ್ಗೆ ಜಗುಲಿಯಲ್ಲಿ ಐರಿನ್ ಒಬ್ಬರೇ ಕೂತಿದ್ದರು. ಹತ್ತಿರ ಹೋಗಿ ಹೇಳಿದೆ: "ಹಸಿರು ಟ್ರೇಲರಿಗೆ ದಫ್ತರ್ ಇತ್ತು. ಲಾರೆನ್ಸ್ ಹೇಳಿದ್ರು. ನಾನು ಕೇಳಲಿಲ್ಲ."

"ಗೊತ್ತುಂಟು. ನಾನು ಅಲ್ಲೇ ಇದ್ದೆನಲ್ಲ" ಎಂದರು. "ಅದರಲ್ಲಾದರೆ ಬಸ್ರಾದವರೆಗೂ ಬರುತ್ತಿದ್ದರೋ ಇಲ್ಲವೋ, ಯಾರಿಗೆ ಗೊತ್ತು. ಇದರಲ್ಲಿ ಮೂರು ದಿವಸ ಅವರಿಗೆ ನಿದ್ರೆ ಬಂತು. ಇನ್ನು ಆ ಮಾತು ಬೇಡ ಮೂರ್ತಿಯವರೇ" ಎಂದರು. ಸಮಾಧಾನಕ್ಕೆ ಹೇಳಿದರೋ, ನನ್ನ ಮಾತು ಕೇಳಲಾರದೆ ಹೇಳಿದರೋ, ನನಗೆ ತಿಳಿಯಲಿಲ್ಲ. ಈಗಲೂ ತಿಳಿದಿಲ್ಲ.

ಆರನೆಯ ದಿನ ವಿಮಾನ ಸಿಕ್ಕಿತು. ಬೊಂಬಾಯಿಯಲ್ಲಿ ಇಳಿದಾಗ ಸಣ್ಣ ಮಳೆ ಬರುತ್ತಿತ್ತು. ಹೊರಗೆ ಸ್ವಯಂಸೇವಕರು ಮೇಜು ಹಾಕಿಕೊಂಡು, ಕುವೈತಿನಿಂದ ಬಂದವರ ಹೆಸರು ಬರೆದುಕೊಂಡು ಊಟದ ಪೊಟ್ಟಣ ಕೊಡುತ್ತಿದ್ದರು. ಒಬ್ಬ ಹುಡುಗಿ, "ನೀವು ಎಷ್ಟು ಜನ ಹೊರಟಿದ್ದು?" ಎಂದು ಹಿಂದಿಯಲ್ಲಿ ಕೇಳಿದಳು.

ನಾನು ಬಾಯಿ ತೆರೆಯುವ ಮೊದಲೇ ಐರಿನ್, "ಮೂವರು" ಎಂದರು. ಮೂರು ಹೆಸರೂ ಬರೆಸಿದರು.

ಹುಡುಗಿ ನಮ್ಮ ಹಿಂದೆ ಕಣ್ಣು ಹಾಯಿಸಿದಳು. "ಮೂರನೆಯವರು?"

"ಅಮ್ಮಾನ್‌ನಲ್ಲಿದ್ದಾರೆ."

ಅವಳು ತಲೆಯಾಡಿಸಿ, ಲಾರೆನ್ಸ್ ಹೆಸರಿನ ಎದುರು, ನಂತರ ಬರುತ್ತಾರೆ ಎಂದು ಬರೆದಳು. ನಾವಿಬ್ಬರೂ ಅದನ್ನು ಓದಿದೆವು. ಇಬ್ಬರೂ ತಿದ್ದಲಿಲ್ಲ. ಎರಡು ಪೊಟ್ಟಣ ತೆಗೆದುಕೊಂಡು, ಮಂಗಳೂರಿನ ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ವಿಚಾರಿಸುತ್ತ ಮಳೆಯಲ್ಲೇ ನಡೆದೆವು.