ನಾಯಿಮೂಲೆಗೆ ಒಪ್ಪದ ಲೊಂಕೆಯವರು

ಸೆರಾಫೀನ್ ಲೊಂಕೆಯವರ ಅಪ್ಪ ಚರ್ಚಿಗೆ ಮೇಣದಬತ್ತಿ ಮಾಡಿಕೊಡುತ್ತಿದ್ದರು. ಮಗ ಚರ್ಚಿನ ಹಿಡಿತ ಒಪ್ಪದ ಲಿಬರಲ್ ಪಕ್ಷ ಸೇರಿದ ಮೇಲೆ ಆ ವ್ಯಾಪಾರ ನಿಂತಿತು. ಮಗ ನಮ್ಮ ಫ್ಲೆಮಿಷ್ ಭಾಷೆಯಲ್ಲಿ ಮೂರು ಕಾದಂಬರಿ ಬರೆದರು. ಮೂರನ್ನೂ ಪೂರ್ತಿ ಓದಿದವನು ನಾನೊಬ್ಬನೇ, ಅದೂ ಅಚ್ಚಿನ ಮೊಳೆ ಜೋಡಿಸುವುದು ನನ್ನ ಕೆಲಸವಾಗಿದ್ದರಿಂದ. ಅವುಗಳಲ್ಲಿ ಅಚ್ಚಿನ ತಪ್ಪುಗಳಷ್ಟೇ ನನ್ನವು. ಪುರಸಭೆ ಸದಸ್ಯರಾದಾಗ ಶಾಲೆ, ಸ್ಮಶಾನ ಎರಡರ ಉಸ್ತುವಾರಿಯೂ ಲೊಂಕೆಯವರ ಪಾಲಿಗೆ ಬಂದಿತ್ತು.

ಸ್ಮಶಾನದ ಬೇಲಿ ಪಕ್ಕ ತುರಚೆ ಗಿಡ ಬೆಳೆದ ಜಾಗಕ್ಕೆ ನಾಯಿಮೂಲೆ ಎಂದು ಹೆಸರು. ನೇಣು ಹಾಕಿಕೊಂಡವರು, ದೀಕ್ಷಾಸ್ನಾನವಾಗದ ಕೂಸುಗಳು, ಪಾದ್ರಿಗೆ ಬೇಡವಾದವರು ಎಲ್ಲ ಅಲ್ಲಿಗೆ. ಸತ್ತವರನ್ನೂ ಬಿಡದ ಈ ಅವಮಾನಕ್ಕೆ ಊರೆಲ್ಲ ಟೋಪಿ ತೆಗೆದು ತಲೆಬಾಗುತ್ತಿತ್ತು.

೧೮೮೧ರ ಮಾರ್ಚ್‌ನಲ್ಲಿ ಪುರಸಭೆ ಶಾಲೆಯ ಕೊಲೆಟಾ ಟೀಚರಮ್ಮ ತೀರಿಕೊಂಡರು. ಒಂದು ಭಾನುವಾರವೂ ಪೂಜೆ ತಪ್ಪಿಸಿದವರಲ್ಲ. ಆದರೆ ಪುರಸಭೆ ಶಾಲೆಗಳನ್ನು ಚರ್ಚಿನ ಕೈಯಿಂದ ಬಿಡಿಸುವ ಹೊಸ ಕಾನೂನು ಬಂದಾಗ, ಆ ಶಾಲೆ ಬಿಟ್ಟು ಬಾ ಎಂದು ಪಾದ್ರಿ ಕರೆದರೂ ಮಕ್ಕಳನ್ನು ಬಿಡಲಿಲ್ಲ. ಅದೇ ಪಾಪ! ಸಾಯುವ ಹೊತ್ತಿಗೆ ಪಾದ್ರಿ ಕೊಡುವ ಕೊನೆಯ ಸಂಸ್ಕಾರವೂ ಸಿಗಲಿಲ್ಲ. "ಅವ್ವನ ಪಕ್ಕದಲ್ಲೇ ಮಲಗಿಸಿ" ಎಂದು ಲೊಂಕೆಯವರ ಕೈಹಿಡಿದು ಕೇಳಿಕೊಂಡಿದ್ದರು.

ಶವ ತರುವ ಮೊದಲು ಲೊಂಕೆಯವರೂ ನಾನೂ ಹೋಗಿ ನೋಡಿದರೆ ಗುಂಡಿ ನಾಯಿಮೂಲೆಯಲ್ಲಿತ್ತು. ಸ್ಮಶಾನದಲ್ಲಿ ಗುಂಡಿ ತೋಡುವ ಕಾಮಿಯೆಲ್ ಗುದ್ದಲಿ ಹಿಡಿದು ಪಕ್ಕದಲ್ಲಿ ನಿಂತಿದ್ದ.

"ಕಾಮಿಯೆಲ್, ಇಲ್ಲಿ ತೋಡು ಅಂತ ಯಾರಯ್ಯಾ ಹೇಳಿದ್ದು?" ಲೊಂಕೆಯವರು ಕೇಳಿದರು.

"ಪಾದ್ರಿಗಳು, ಯಜಮಾನ್ರೇ."

"ಕೆಲಸ ಕೊಟ್ಟಿದ್ದು ಪಾದ್ರಿಗಳೋ, ಪುರಸಭೆಯೋ?"

"ಕೆಲಸ ನೀವು ಕೊಟ್ರಿ. ಸ್ವರ್ಗದ ಬೀಗದಕೈ ನಿಮ್ಮ ಹತ್ರ ಇಲ್ವಲ್ಲ! ಮಾತು ಕೇಳದಿದ್ರೆ ಈಸ್ಟರ್‌ಗೆ ನನ್ ಹೆಂಡ್ತಿಗೆ ಪ್ರಸಾದ ಇಲ್ವಂತೆ. ಆಮೇಲೆ ಅವಳ ಕೈಯಿಂದ ನನ್ನ ಯಾರು ಉಳಿಸ್ತಾರೆ?"

ಲೊಂಕೆಯವರು ಕೋಟು ಬಿಚ್ಚಿ ನನ್ನ ಕೈಗೆ ತುರುಕಿದರು. ಗುದ್ದಲಿ ಕಿತ್ತುಕೊಂಡು ಟೀಚರಮ್ಮನ ತಾಯಿಯ ಸಮಾಧಿಯ ಪಕ್ಕ ಅಗೆಯತೊಡಗಿದರು. ಲೇಖನಿಗಿಂತ ಭಾರದ್ದು ಎತ್ತದ ಮನುಷ್ಯ. ಅಷ್ಟರಲ್ಲಿ ಪಾದ್ರಿ ಓಡಿಬಂದರು.

"ಏನ್ರೀ ಇದು ಲೊಂಕೆ! ಇದು ಮಂತ್ರಿಸಿದ ನೆಲ!"

"ಮಂತ್ರ ನಿಮ್ಮದು ಫಾದರ್, ನೆಲ ಪುರಸಭೆದು. ಬೇಕಾದ್ರೆ ಮಂತ್ರ ವಾಪಸ್ ತಗೊಂಡು ಹೋಗಿ."

"ನರಕಕ್ಕೆ ಹೋಗ್ತೀಯ!"

"ಹೋಗ್ತೀನಿ ಬಿಡಿ. ಮೊದಲು ಇದು ಮುಗೀಲಿ."

ನಾನು ಕೋಟು ಹಿಡಿದು ನಿಂತಿದ್ದೆ. ನನ್ನ ಪೌರುಷ ಅಷ್ಟೇ. ತೋಡಿ ಮುಗಿಸಲು ಮೂರು ತಾಸು ಹಿಡಿಯಿತು. ಗುಂಡಿ ಸೊಟ್ಟಗಿತ್ತು, ಆಳವೇನೋ ಸರಿಯಾಗಿತ್ತು. ಟೀಚರಮ್ಮ ಅವ್ವನ ಪಕ್ಕದಲ್ಲೇ ಮಲಗಿದರು.

ಅಕ್ಟೋಬರ್ ಚುನಾವಣೆಯಲ್ಲಿ ಲೊಂಕೆಯವರು ಸೋತರು. ಮತಪತ್ರದಲ್ಲಿ ಅವರ ಹೆಸರು ಹುಡುಕಿ, ಓದಿ, ಬಿಟ್ಟು ಮುಂದೆ ಹೋದವರಲ್ಲಿ ಅರ್ಧ ಜನಕ್ಕೆ ಓದು ಕಲಿಸಿದ್ದು ಕೊಲೆಟಾ ಟೀಚರಮ್ಮನೇ.