ಗಾಡಿಗೂ ನನಗೂ ಹಲ್ಲು ಜಾಸ್ತಿ

ನನಗೆ ಮುಂದಿನ ಹಲ್ಲು ಉಬ್ಬು. ಮದುವೆಯಾಗಿ ತೊಣ್ಣೂರಿನ ಕಡೆಯ ಆ ಮನೆಗೆ ಬಂದ ದಿನದಿಂದ ಅದೇ ಮಾತು. ಹಲ್ಲಿನ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ.

ತೊಂಬತ್ತರ ದಶಕದಲ್ಲಿ ನನ್ನ ಗಂಡನಿಗೆ ಪಾಂಡವಪುರದಲ್ಲಿ ಕೆಲಸ ಸಿಕ್ಕಿತು. ಅದುವರೆಗೆ ಅವರು ಮಾಡುತ್ತಿದ್ದ, ಮೇಲುಕೋಟೆಯ ಹೋಟೆಲುಗಳಿಗೆ ಹಾಲು ಹಾಕುವ ಕೆಲಸ ನನ್ನ ಪಾಲಿಗೆ ಬಂತು, ಜೊತೆಗೆ ಅವರ ಮೊಪೆಡ್ಡೂ ಬಂತು. ಸೀರೆ ಎತ್ತಿ ಕಟ್ಟಿ, ಊರವರ ಕಣ್ಣೆದುರೇ ಗಾಡಿ ಓಡಿಸಿಕೊಂಡು ಹೊರಟ ಆ ಬೆಳಗಿನ ಖುಷಿಯನ್ನು ನಾನು ಯಾರಿಗೂ ಬಿಟ್ಟುಕೊಡುವವಳಲ್ಲ. ಆದರೆ ಬೆಟ್ಟದ ಏರಿನಲ್ಲಿ ಎರಡು ಕ್ಯಾನು ಹೊತ್ತ ಗಾಡಿ ಕೈಕೊಡುತ್ತಿತ್ತು. ಇಂಜಿನ್ನು ಅರಚಿಕೊಂಡರೂ ಚಕ್ರ ಮುಂದೆ ಹೋಗದು, ಕ್ಲಚ್ಚು ಸುಟ್ಟ ವಾಸನೆ ಬೇರೆ. ಬಿಸಿಲಿನಲ್ಲಿ ತಳ್ಳಿಕೊಂಡು ಹೋಗುವಷ್ಟರಲ್ಲಿ ಹಾಲು ಕೆಟ್ಟಿರುತ್ತಿತ್ತು.

"ಇನ್ನೊಂದ್ ಸಲ ಹಾಲು ಕೆಟ್ರೆ ಗಾಡಿ ನಿನ್ ಮೈದುನಂಗೆ ಕೊಟ್ಬುಟ್ಟು ಒಲೆ ಮುಂದೆ ಕೂತ್ಕೊ," ಎಂದರು ಅತ್ತೆ.

ಪಾಂಡವಪುರದ ಮೆಕ್ಯಾನಿಕ್ ಸಾಬರು ಅದಾಗಲೇ ಕ್ಲಚ್ಚಿನ ಲೈನಿಂಗನ್ನು ಮತ್ತೆ ಮತ್ತೆ ಬದಲಿಸಿದ್ದರು. ಈ ಸಲ ಗಟ್ಟಿ ಸ್ಪ್ರಿಂಗ್ ಹಾಕುತ್ತೇನೆಂದರು. ನಾನು ಬೇಡವೆಂದೆ. ತವರಿನ ಆಲೆಮನೆಯಲ್ಲಿ ಕಬ್ಬು ಅರೆಯುವ ಗಾಣವನ್ನು ನೋಡಿ ಬೆಳೆದವಳು ನಾನು. ಅಲ್ಲಿ ಚಿಕ್ಕ ಹಲ್ಲುಚಕ್ರ ಗರಗರ ತಿರುಗಿ ದೊಡ್ಡದನ್ನು ನಿಧಾನವಾಗಿ ತಿರುಗಿಸುತ್ತದೆ. ಆ ನಿಧಾನದ ಬಲಕ್ಕೇ ಕಬ್ಬು ಹಿಪ್ಪೆಯಾಗುವುದು.

"ಹಿಂದ್ಗಡೆ ಇನ್ನೂ ದೊಡ್ಡ ಹಲ್ಲುಚಕ್ರ ಆಕಿ," ಎಂದೆ.

"ಹಲ್ಲು ಜಾಸ್ತಿ ಆದ್ರೆ ಸ್ಪೀಡು ಹೋಗ್ತದಮ್ಮಾ. ಸೈಕಲ್ನೋರೂ ನಿಮ್ಮನ್ನ ಹಿಂದಾಕ್ತಾರೆ."

"ಆಕ್ಲಿ ಬುಡಿ. ನಂಗೆ ಬೇಕಾಗಿರೋದು ಬೆಟ್ಟ."

ಸಾಬರು ಗೊಣಗುತ್ತಲೇ, ದೊಡ್ಡ ಚಕ್ರಕ್ಕೆ ಸಾಲುವಂತೆ ಚೈನಿಗೆ ಕೊಂಡಿ ಸೇರಿಸಿ ಹಾಕಿಕೊಟ್ಟರು. ಮನೆಗೆ ಬಂದರೆ ಮೈದುನ, "ಅತ್ಗೆಗೆ ಬಾಯಲ್ಲಿರೋ ಹಲ್ಲು ಸಾಲ್ದು ಅಂತ ಗಾಡಿಗೂ ಕಟ್ಟಿಸ್ಕೊಂಡ್ ಬಂದವ್ರೆ!" ಎಂದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ನನಗೆ ಮೈಯೆಲ್ಲ ಉರಿಯಿತು.

ಮಾರನೆಯ ದಿನ ಅವನು ಸ್ನೇಹಿತನ ಮೊಪೆಡ್ಡು ತಂದ. ಅದಕ್ಕೆ ಹಿಂದೆ ಚಿಕ್ಕ ಹಲ್ಲುಚಕ್ರ, ಸ್ಪೀಡಿಗೆಂದು ಹಾಕಿಸಿದ್ದು. ಎರಡು ಕ್ಯಾನಿಗೆ ನೀರು ತುಂಬಿ, ಏರು ಹತ್ತಿಸುವುದು ಹೇಗೆಂದು ತೋರಿಸುತ್ತೇನೆ ಎಂದು ಹೊರಟ. ಹಾಲಿನ ಕ್ಯಾನು ಹೇರಿಕೊಂಡು ಹಿಂದೆಯೇ ಹೊರಟ ನಾನು ಜಕ್ಕನಹಳ್ಳಿಯವರೆಗೂ ಅವನ ಧೂಳು ಕುಡಿದೆ. ಸೈಕಲ್ಲಿನವನೊಬ್ಬ ನಿಜವಾಗಿಯೂ ನನ್ನನ್ನು ಹಿಂದೆ ಹಾಕಿದ. ಹಾಕಿಕೊಳ್ಳಲಿ ಎಂದುಕೊಂಡೆ.

ಬೆಟ್ಟದ ತಿರುವಿನಲ್ಲಿ ಮೈದುನ ಕೆಳಗಿಳಿದು ಗಾಡಿ ತಳ್ಳುತ್ತಿದ್ದ. ಕ್ಲಚ್ಚು ಹೊಗೆಯಾಡುತ್ತಿತ್ತು. ನೀರು ಚೆಲ್ಲಿ ಹಗುರ ಮಾಡಿಕೊಳ್ಳುವುದಕ್ಕೂ ಅವನಿಗೆ ಮರ್ಯಾದೆ ಅಡ್ಡ. ನನ್ನ ಗಾಡಿ ಗುರುಗುಟ್ಟುತ್ತಾ ಒಂದೇ ಸಮನೆ ಏರುತ್ತಿತ್ತು.

"ಅತ್ಗೆ, ವಸಿ ನಿಲ್ಸಿ, ಒಂದ್ ಕೈ ತಳ್ಳಿ!"

"ಏರ್ನಲ್ಲಿ ನಿಲ್ಸುದ್ರೆ ಕ್ಲಚ್ಚು ಸುಟ್ಟೋಯ್ತದೆ ಕಣಪ್ಪಾ," ಎಂದೆ. ಅದು ನಿಜವೂ ಹೌದು. ಕತ್ತು ತಿರುಗಿಸಿ, ನನಗಿರುವ ಅಷ್ಟೂ ಹಲ್ಲು ತೋರಿಸಿ ನಕ್ಕು, ಮೇಲುಕೋಟೆಗೆ ಹಾಲು ಮುಟ್ಟಿಸಿದೆ.