ಕೆಮ್ಮುವ ಆಯಿ

ನಿಪ್ಪಾಣಿಯಲ್ಲಿ ಕೆಮ್ಮಿಗೆ ಯಾರೂ ಹೆದರುವುದಿಲ್ಲ. ತಂಬಾಕಿನ ಊರು ನಮ್ಮದು. ನಮ್ಮ ಹಿತ್ತಲಿಗೆ ಅಂಟಿಕೊಂಡೇ ತಂಬಾಕಿನ ಗೋದಾಮು, ಒಂದು ವಖಾರಿ ಇದೆ. ಸುಗ್ಗಿ ಬಂತೆಂದರೆ ಅಲ್ಲಿ ತಂಬಾಕು ಬಡಿದು, ಜರಡಿ ಹಿಡಿದು, ಚೀಲ ತುಂಬುತ್ತಾರೆ. ಆ ಧೂಳು ಗಾಳಿಗೆದ್ದರೆ ಓಣಿಗೆ ಓಣಿಯೇ ಸೀನುತ್ತದೆ. ಬೀಗರು ಬಂದು ಮೂಗಿಗೆ ಕರವಸ್ತ್ರ ಹಿಡಿದರೆ ನಾವು ಒಳಗೊಳಗೇ ನಗುತ್ತೇವೆ. ಇದೇ ಊರಿನ ಕನ್ನಡ ಶಾಲೆಯಲ್ಲಿ ನೌಕರಿ ಮುಗಿಸಿದವಳು ನಾನು. ಹುಡುಗರು ಕೆಮ್ಮಿದರೆ "ನೀರು ಕುಡಿದು ಬಾ" ಎಂದು ಕಳಿಸಿ ಪಾಠ ಮುಂದುವರಿಸುತ್ತಿದ್ದೆ. ಹೀಗಾಗಿ ನನಗೇ ಕೆಮ್ಮು ಹತ್ತಿಕೊಂಡಾಗ ಅದಕ್ಕೆ ಕಾರಣ ಹುಡುಕಬೇಕೆಂದು ಮನೆಯಲ್ಲಿ ಯಾರಿಗೂ ಅನಿಸಲಿಲ್ಲ.

ಅದಕ್ಕೂ ಮೊದಲು ಶುಗರ್ ಬಂದಿತ್ತು. ನಿವೃತ್ತಿಯಾದವರಿಗೆ ಸರಕಾರ ಪೆನ್ಶನ್ ಕೊಡುತ್ತದೆ, ದೇಹ ಶುಗರ್ ಕೊಡುತ್ತದೆ. ಮೊದಲ ಗುಳಿಗೆ ತನ್ನ ಗುಣವನ್ನು ಮುಚ್ಚುಮರೆಯಿಲ್ಲದೆ ತೋರಿಸಿತು. ಬಾಯಲ್ಲಿ ಸದಾ ತಾಮ್ರದ ಚಮಚ ಇಟ್ಟುಕೊಂಡಂಥ ರುಚಿ, ಹೊಟ್ಟೆಯಲ್ಲಿ ಗುಡುಗುಡು. ಬಸದಿಯಲ್ಲಿ ಪೂಜೆ ಅರ್ಧಕ್ಕೆ ಬಂದಾಗ ನಾನು ಚಪ್ಪಲಿ ಹುಡುಕಿಕೊಂಡು ಮನೆಗೆ ಓಡುತ್ತಿದ್ದೆ. "ಶಾಲಿ ಗಂಟಿ ತಪ್ಪಿದ್ರೂ ನಿನಗ ಗಂಟಿ ತಪ್ಪಲಿಲ್ಲ ನೋಡು" ಎಂದು ನಮ್ಮ ಮನೆಯವರು ನಕ್ಕಿದ್ದೇ ನಕ್ಕಿದ್ದು. ಚಿಕ್ಕೋಡಿಯ ಶುಗರ್ ಡಾಕ್ಟರು ಊಟದ ಜೊತೆಗೇ ನುಂಗಿ ಎಂದರು. ಕೆಲವು ವಾರಗಳಲ್ಲಿ ಹೊಟ್ಟೆ ಹಾದಿಗೆ ಬಂತು. ನಾವು ಜೈನರು, ಹೊತ್ತು ಮುಳುಗುವ ಮೊದಲೇ ಉಣ್ಣುವವರೆಂದು ಹೇಳಿದಾಗ ರಾತ್ರಿಯ ಗುಳಿಗೆಯನ್ನೂ ಸಂಜೆಗೆ ತಂದು ಕೊಟ್ಟರು. ಒಳ್ಳೆಯ ಮನುಷ್ಯ.

ಮುಂದಿನ ದೀಪಾವಳಿಯ ಹೊತ್ತಿಗೆ ಅವರು ಇನ್ನೊಂದು ಸಣ್ಣ ಗುಳಿಗೆ ಬರೆದರು. "ಇದು ಕಿಡ್ನಿ ಕಾಯತೈತ್ರಿ ಅಕ್ಕೋರ, ಬಿ.ಪಿ.ಗೂ ಛಲೋ. ಏನರ ತ್ರಾಸ ಆದ್ರ ಹೇಳ್ರಿ" ಎಂದರು. ಗುಳಿಗೆಯ ತ್ರಾಸ ಎಂದರೆ ಹೊಟ್ಟೆಯ ತ್ರಾಸ ಎಂದೇ ನನ್ನ ತಿಳಿವಳಿಕೆ. ಇದು ಹೊಟ್ಟೆಗೆ ಏನೂ ಮಾಡಲಿಲ್ಲ. ಎಷ್ಟು ಸಭ್ಯ ಗುಳಿಗೆ ಎಂದು ಅದನ್ನು ಹೊಗಳಿದ್ದೆ ಕೂಡ.

ಸಂಕ್ರಾಂತಿಯ ನಂತರ ಗಂಟಲಲ್ಲಿ ಒಂದು ಕೂದಲು ಸಿಕ್ಕಿಕೊಂಡಂತೆ ಕೆರೆತ ಶುರುವಾಯಿತು. ಒಣ ಕೆಮ್ಮು. ಒಮ್ಮೆ ಹಿಡಿಯಿತೆಂದರೆ ಕಣ್ಣಲ್ಲಿ ನೀರು ಬರುವವರೆಗೆ ಬಿಡುತ್ತಿರಲಿಲ್ಲ. ವಖಾರಿಯಲ್ಲಿ ಕೆಲಸ ಜೋರಾಗಿತ್ತು, ಎಲ್ಲರೂ ಅದರ ಕಡೆ ಕೈ ತೋರಿಸಿದರು. ಸುಗ್ಗಿ ಮುಗಿಯಿತು, ವಖಾರಿಗೆ ಬೀಗ ಬಿತ್ತು, ಓಣಿಯ ಸೀನೆಲ್ಲ ನಿಂತಿತು. ನನ್ನ ಕೆಮ್ಮು ಮಾತ್ರ ನಿಲ್ಲಲಿಲ್ಲ.

ಅಷ್ಟರಲ್ಲಿ ಮಗಳು ಚೊಚ್ಚಲ ಬಾಳಂತನಕ್ಕೆ ಬಂದಿದ್ದಳು. ಅವಳನ್ನು ಉಗಾರ ಖುರ್ದಕ್ಕೆ ಕೊಟ್ಟಿದ್ದೇವೆ, ಅಳಿಯನಿಗೆ ಸಕ್ಕರೆ ಕಾರ್ಖಾನೆಯಲ್ಲಿ ನೌಕರಿ. ಅವಳು ಬಸುರಿ ಎಂದು ತಿಳಿದ ದಿನದಿಂದ ನನಗೆ ಒಂದೇ ಹಂಬಲ, ಕೂಸಿಗೆ ನಾನೇ ಎರೆಯಬೇಕು. ಎರೆಯುವುದೆಂದರೆ ನಮ್ಮಲ್ಲಿ ಬರೀ ಸ್ನಾನವಲ್ಲ. ಬಚ್ಚಲಲ್ಲಿ ಮಣೆ ಹಾಕಿ, ಕಾಲು ನೀಳವಾಗಿ ಚಾಚಿ ಕೂತು, ಎರಡೂ ಕಾಲುಗಳ ನಡುವಿನ ತಗ್ಗಿನಲ್ಲಿ ಕೂಸನ್ನು ಮಲಗಿಸಿಕೊಳ್ಳಬೇಕು. ಬೆನ್ನಿಗೆ, ತೋಳಿಗೆ, ತೊಡೆಗೆ ಎಣ್ಣೆ ತಿಕ್ಕಿ, ಕಡಲೆಹಿಟ್ಟು ಹಚ್ಚಿ, ಹದವಾದ ನೀರನ್ನು ಧಾರೆಯಾಗಿ ಬಿಡಬೇಕು. ಓಣಿಯ ಅರ್ಧ ಮಕ್ಕಳು ನನ್ನ ಕಾಲಮೇಲೆ ಮಿಂದವರೇ. ಶಾಲೆಗೆ ಹೋಗುವ ಮೊದಲು ಒಂದು ಕೂಸಿಗೆ ಎರೆದು, ಹಸಿ ಸೀರೆಯನ್ನು ಬದಲಿಸಿ ಓಡಿದ್ದೂ ಉಂಟು. "ನಿಮ್ಮ ಕಾಲಮ್ಯಾಲ ಹುಡುಗೂರು ಅಳೂದ ಇಲ್ಲ ನೋಡ್ರಿ ಅಕ್ಕೋರ" ಎಂದು ಬಾಳಂತಿಯರು ಹೇಳಿದರೆ ನನಗೆ ಯಾವ ಸನ್ಮಾನದ ಶಾಲೂ ಬೇಕಾಗುತ್ತಿರಲಿಲ್ಲ.

ಆದರೆ ಈ ಕೆಮ್ಮು ಇಟ್ಟುಕೊಂಡು ಹಸಿ ಕೂಸನ್ನು ಮುಟ್ಟುವುದು ಹೇಗೆ? ನನ್ನ ತವರು ರಾಯಬಾಗದಲ್ಲಿ ನನ್ನ ದೊಡ್ಡವ್ವ ಹೀಗೇ ಕೆಮ್ಮುತ್ತಿದ್ದಳು. ಹೊರಗಿನ ಖೋಲಿಯಲ್ಲಿ ಅವಳ ಹಾಸಿಗೆ, ಅವಳದೇ ತಾಟು, ಅವಳದೇ ಲೋಟ. ಆ ಬಾಗಿಲ ಮುಂದೆ ಉಸಿರು ಬಿಗಿಹಿಡಿದು ಓಡಬೇಕೆಂದು ನಮಗೆ ಹೇಳಿಕೊಟ್ಟಿದ್ದರು. ಆ ರೋಗದ ಹೆಸರನ್ನು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಈಗ ಅದೇ ಸದ್ದು ನನ್ನ ಎದೆಯಿಂದ ಬರುತ್ತಿತ್ತು.

ಪರೀಕ್ಷೆ ಮಾಡಿಸಲಿಲ್ಲವೆಂದಲ್ಲ. ಸರಕಾರಿ ದವಾಖಾನೆಗೆ ಹೋದೆ. ಒಂದು ಡಬ್ಬಿ ಕೊಟ್ಟು ಕಫ ತನ್ನಿ ಎಂದರು. ಒಣ ಕೆಮ್ಮಿಗೆ ಕಫ ಎಲ್ಲಿಂದ ತರಲಿ? ಮರದ ಕೆಳಗೆ ನಿಂತು ಜೀವ ಹೋಗುವಂತೆ ಕೆಮ್ಮಿ ಡಬ್ಬಿ ಕೊಟ್ಟರೆ ಅಲ್ಲಿಯ ಹೆಣ್ಣುಮಗಳು ಬೆಳಕಿಗೆ ಹಿಡಿದು ನೋಡಿ, "ಏನ್ರೀ ಅಕ್ಕೋರ, ಬರೇ ಉಗುಳ ಕೊಟ್ಟೀರಲ್ಲ" ಎಂದಳು. ಇನ್ನೊಮ್ಮೆ ಕೊಟ್ಟೆ. ಎಕ್ಸ್‌ರೇ ಕೂಡ ತೆಗೆದರು. ಎಲ್ಲ ನೋಡಿ ಟಿ.ಬಿ. ಇಲ್ಲ ಎಂದರು. ನಾನು ನಂಬಲಿಲ್ಲ. ಇವರು ನೋಡಿದ್ದು ಉಗುಳನ್ನು, ರೋಗವನ್ನಲ್ಲ ಎಂದುಕೊಂಡೆ. ನನ್ನೊಬ್ಬಳದೇ ಪ್ರಶ್ನೆಯಾಗಿದ್ದರೆ ನಂಬಿಬಿಡುತ್ತಿದ್ದೆ. ಅಂಗೈಯಗಲದ ಕೂಸಿನ ವಿಷಯದಲ್ಲಿ ಅಷ್ಟು ಧೈರ್ಯ ಬರಲಿಲ್ಲ.

ಯುಗಾದಿ ದಾಟಿದ ಮೇಲೆ ಮೊಮ್ಮಗಳು ಹುಟ್ಟಿದಳು. ಎಲ್ಲರೂ ಎತ್ತಿಕೊಂಡರು. ನಾನು ಬಾಗಿಲ ಹೊರಗೆ ನಿಂತು, ಬಾಯಿಗೆ ಸೆರಗು ಹಿಡಿದು ನೋಡಿದೆ. ಎರೆಯಲು ಓಣಿಯ ಒಬ್ಬ ಮೌಶಿಯನ್ನು ಗೊತ್ತು ಮಾಡಿದೆವು. ಮರಾಠಿ ಮಾತಾಡುವ, ಗಟ್ಟಿ ಕೈಯ ಹೆಂಗಸು. ನಾನು ಬಚ್ಚಲ ಬಾಗಿಲಾಚೆ ನಿಂತು "ನೀರು ನೋಡ್ರಿ, ಕಿವಿ ನೋಡ್ರಿ, ಕುತಗಿ ಹಿಡೀರಿ" ಎಂದು ಅವಳ ತಲೆ ತಿನ್ನುತ್ತಿದ್ದೆ. ಎರಡು ದಿನ ತಡೆದುಕೊಂಡಳು. ಮೂರನೆಯ ದಿನ, "ಅಕ್ಕೋರ, ಕೂಸಿಂದು ಕಾಳಜಿ ಮಾಡಬ್ಯಾಡ್ರಿ. ನೀವು ಕೆಮ್ಮಿದ್ರ ಅದು ಬೆಚ್ಚಿ ಬೀಳಾಕತ್ತೈತಿ. ಜರಾ ಆ ಕಡಿ ಹೋಗ್ರಿ" ಎಂದಳು.

ಆ ಕಡೆ ಹೋದೆ. ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತರೆ ಬಚ್ಚಲ ಕಿಂಡಿಯಿಂದ ಎಲ್ಲ ಕೇಳುತ್ತಿತ್ತು. ತಂಬಿಗೆ ಹಂಡೆಗೆ ತಾಗುವ ಸದ್ದು, ನೀರಿನ ಧಾರೆ, ಕೂಸು ಚಿಟ್ಟನೆ ಚೀರುವುದು, ಆಮೇಲೆ ಬಟ್ಟೆಯಲ್ಲಿ ಸುತ್ತಿದ ಕೂಡಲೇ ಸುಮ್ಮನಾಗುವುದು. ಕೇಳುತ್ತ ಕೇಳುತ್ತ ನನ್ನ ಕಾಲುಗಳು ತಾವಾಗಿಯೇ ಮುಂದಕ್ಕೆ ಚಾಚಿಕೊಂಡಿರುತ್ತಿದ್ದವು. ಅದನ್ನು ಕಂಡಾಗ ನನಗೆ ಅಳು ಬರುತ್ತಿತ್ತು. ಲೋಬಾನದ ಹೊಗೆ ಕಿಂಡಿಯಿಂದ ಹೊರಬಂದು ಮತ್ತೆ ಕೆಮ್ಮು ಹತ್ತುತ್ತಿತ್ತು, ಅಳುವಿಗೆ ಅದೇ ನೆವ.

"ಟಿ.ಬಿ. ಇಲ್ಲಂತ ಹೇಳ್ಯಾರಲ್ಲ ಅವ್ವ, ಒಮ್ಮಿ ಎತ್ಕೋ" ಎಂದು ಮಗಳು ದಿನಾ ಅನ್ನುತ್ತಿದ್ದಳು.

"ಆಮ್ಯಾಲೆ ಎತ್ಕೋತೀನಿ. ಕೆಮ್ಮ ಒಂದು ಹೋಗ್ಲಿ."

ಹೆಸರಿಡುವ ದಿನ ನಾನು ಅಡಿಗೆಮನೆಯಲ್ಲಿ ಶಿರಾ ತಿರುವುತ್ತ ಉಳಿದೆ. ಐದನೆಯ ತಿಂಗಳಲ್ಲಿ ಬೀಗರು ಬಂದು ಬಾಳಂತಿಯನ್ನೂ ಕೂಸನ್ನೂ ಉಗಾರಕ್ಕೆ ಕರೆದುಕೊಂಡು ಹೋದರು. ಕೆಮ್ಮು ಹೋಗಿರಲಿಲ್ಲ.

ಏನೇನು ಮಾಡಲಿಲ್ಲ ನಾನು! ಜೇನು ನೆಕ್ಕಿ, ಹಸಿಶುಂಠಿ ಅಗಿಯಿರಿ ಎಂದು ನೆರೆಯವರು ಹೇಳಿದರು, ಎರಡೂ ನಮ್ಮ ಮನೆಯೊಳಗೆ ಬರುವ ಹಾಗಿಲ್ಲ. ಜ್ಯೇಷ್ಠಮಧು, ಒಣಶುಂಠಿ, ಮೆಣಸಿನ ಕಷಾಯ ಎಲ್ಲ ಆಯಿತು. ಚಾತುರ್ಮಾಸದಲ್ಲಿ ಹೊತ್ತು ಮುಳುಗಿದ ಮೇಲೆ ನಾನು ನೀರೂ ಮುಟ್ಟುವುದಿಲ್ಲ. ಒಣಗಿದ ಗಂಟಲಲ್ಲಿ ಕೆಮ್ಮುತ್ತ ಮಲಗುವುದೇ ಒಂದು ತಪಸ್ಸಾಯಿತು. ಅಂಗಡಿಯಿಂದ ತಂದ ಸಿಹಿ ಸಿರಪ್ಪನ್ನು ಬಾಟಲಿಗಟ್ಟಲೆ ಕುಡಿದೆ. ಶುಗರ್ ಏರಿತು. "ಏನ ತಿನ್ನಾಕತ್ತೀರಿ ನೀವು?" ಎಂದು ಚಿಕ್ಕೋಡಿಯ ಡಾಕ್ಟರು ಗದರಿದರು. ನಾನು ಹಬ್ಬದ ಹೋಳಿಗೆಯ ಮೇಲೆ ಹಾಕಿದೆ. ಕೆಮ್ಮಿನ ವಿಷಯ ಅವರ ಮುಂದೆ ಎತ್ತಲೇ ಇಲ್ಲ. ಗಂಟಲಿಗೆ ಬೇರೆ ಡಾಕ್ಟರು ಇದ್ದರಲ್ಲ. ಶುಗರ್ ಡಾಕ್ಟರಿಗೆ ಕೆಮ್ಮು ಹೇಳುವುದು ಗಣಿತದ ಮಾಸ್ತರರ ಹತ್ತಿರ ವ್ಯಾಕರಣ ಕೇಳಿದ ಹಾಗೆ ಎಂದು ನನ್ನ ಎಣಿಕೆ. ಅವರ ಮುಂದೆ ಕೂಡುವಾಗ ಬಾಯಲ್ಲಿ ಲವಂಗ ಇಟ್ಟುಕೊಂಡು ಮರ್ಯಾದೆ ಉಳಿಸಿಕೊಳ್ಳುತ್ತಿದ್ದೆ.

ಉಗಾರಕ್ಕೆ ಹೋದಾಗಲೆಲ್ಲ ತಲಬಾಗಿಲ ಪಕ್ಕದ ಕಟ್ಟೆಯೇ ನನ್ನ ಜಾಗ. ಒಳಗೆ ಮಗು ಬೋರಲು ಬಿದ್ದಿತು, ಅಂಬೆಗಾಲಿಟ್ಟಿತು, ಗೋಡೆ ಹಿಡಿದು ನಿಂತಿತು. ನಾನು ಹೊರಗಿನಿಂದ ಚಪ್ಪಾಳೆ ತಟ್ಟಿದೆ. ಅದು ನನ್ನ ಕಡೆ ತೆವಳಿ ಬಂದರೆ "ಒಳಗ ಎತ್ಕೋರಿ, ಒಳಗ ಎತ್ಕೋರಿ" ಎಂದು ನಾನೇ ಕೂಗುತ್ತಿದ್ದೆ. ಫೋನಿನಲ್ಲಿ ನೋಡುವಾಗಲೂ ರೂಢಿಯಂತೆ ಬಾಯಿಗೆ ಸೆರಗು, ನನ್ನ ಮುಖಕ್ಕಿಂತ ಮೊದಲು ನನ್ನ ಕೆಮ್ಮು ಅಲ್ಲಿ ಮುಟ್ಟುತ್ತಿತ್ತು. ಮಗಳು ಸ್ನಾನ ಮಾಡಿಸಿ ಫೋನಿನ ಮುಂದೆ ಹಿಡಿದಾಗ ಆ ಒದ್ದೆ ಕೂದಲು ನೋಡಿ ನನ್ನ ಕೈ ಸುಮ್ಮನಿರುತ್ತಿರಲಿಲ್ಲ, ಫೋನಿನ ಗಾಜು ಒರೆಸುತ್ತಿದ್ದೆ.

ಆ ಮಗುವಿಗೆ ಎರಡು ತುಂಬಿದ ಮೇಲೆ ಒಂದು ದಿನ ಚಿಕ್ಕೋಡಿಗೆ ಹೋಗುವಾಗ ಲವಂಗ ಮರೆತೆ. ಡಾಕ್ಟರು ಬರೆಯುತ್ತಿದ್ದರು, ನಮ್ಮ ಮನೆಯವರು ಏನೋ ಚೇಷ್ಟೆಯ ಮಾತು ಆಡಿದರು. ನಕ್ಕೆ, ನಗು ಕೆಮ್ಮಾಯಿತು. ನೀರು ಕೊಟ್ಟರೂ ನಿಲ್ಲಲಿಲ್ಲ. ಡಾಕ್ಟರು ಪೆನ್ನು ಕೆಳಗಿಟ್ಟರು.

"ಈ ಕೆಮ್ಮ ಯಾವಾಗಿಂದ ಐತ್ರಿ?"

"ಮೊಮ್ಮಗಳು ಹುಟ್ಟೂ ಮೊದಲಿಂದ ಐತ್ರಿ. ವಖಾರಿ ಧೂಳ್ರಿ ಅದು."

ಅವರು ಹಳೆಯ ಚೀಟಿಗಳನ್ನು ಹಿಂದಕ್ಕೆ ತಿರುವಿದರು. ಎದೆಗೆ ಕೊಳವೆ ಇಟ್ಟು ನೋಡಿದರು. ಎಕ್ಸ್‌ರೇ ತೆಗೆಸಿದ್ದು, ಕಫ ಕೊಟ್ಟಿದ್ದು ಎಲ್ಲ ಕೇಳಿದರು. ಆಮೇಲೆ, "ಧೂಳಲ್ರಿ ಅಕ್ಕೋರ. ಕಿಡ್ನಿಗಂತ ಕೊಟ್ಟ ಆ ಸಣ್ಣ ಗುಳಿಗಿ ಕೆಲವರಿಗೆ ಒಣ ಕೆಮ್ಮ ತರತೈತಿ. ನಿಮಗ ಅದರದ ಇರಬೇಕು. ಬದಲಿ ಬರದು ಕೊಡ್ತೀನಿ, ನೋಡೂಣು. ಮೊದಲ ಯಾಕ ಹೇಳಲಿಲ್ರಿ?" ಎಂದರು.

"ನೀವು ಶುಗರ್ ಡಾಕ್ಟರು ಅಲ್ಲೇನ್ರಿ" ಎಂದೆ. ಅವರು ಮತ್ತೆ ಪೆನ್ನು ಎತ್ತಿಕೊಂಡರು.

ಹೊರಗೆ ಬಂದಾಗ ಸಂತೋಷವಾಗಬೇಕಿತ್ತು. ನನಗೆ ಆದದ್ದು ಸಿಟ್ಟು. ದೊಡ್ಡ ರೋಗವೇ ಆಗಿದ್ದರೆ ದೂರ ಇದ್ದದ್ದಕ್ಕೆ ಒಂದು ಅರ್ಥವಾದರೂ ಇರುತ್ತಿತ್ತು. ಉದ್ದಿನ ಬೇಳೆಯಷ್ಟು ಗಾತ್ರದ ಒಂದು ಗುಳಿಗೆ ನನ್ನನ್ನೂ ಕೂಸನ್ನೂ ಬೇರೆ ಬೇರೆ ಕೂರಿಸಿತ್ತು, ದಿನಾ ಬೆಳಿಗ್ಗೆ ಅದನ್ನು ನಾನೇ ನೀರು ಕುಡಿದು ನುಂಗಿದ್ದೆ. ಬಸ್‌ ಸ್ಟ್ಯಾಂಡಿನಲ್ಲಿ ನಮ್ಮ ಮನೆಯವರು ಚೇಷ್ಟೆ ಮಾಡಲು ಬಾಯಿ ತೆರೆದರು. ನನ್ನ ಮುಖ ನೋಡಿ ಮುಚ್ಚಿಕೊಂಡು, ಕಬ್ಬಿನ ಹಾಲು ತರಲು ಹೊರಟು, ಶುಗರ್ ನೆನಪಾಗಿ ಬರಿಗೈಯಲ್ಲಿ ಹಿಂದಿರುಗಿದರು.

ಗುಳಿಗೆ ಬದಲಾದ ಮೇಲೆ ಕೆಮ್ಮು ಒಂದೇ ಸಲಕ್ಕೆ ಹೋಗಲಿಲ್ಲ. ಮೊದಲು ಕೆರೆತ ಕಡಿಮೆಯಾಯಿತು, ಆಮೇಲೆ ಕೆಮ್ಮುವ ಸರದಿಗಳು ದೂರ ದೂರವಾದವು. ಒಂದು ಬೆಳಿಗ್ಗೆ ಎದ್ದಾಗ ಹಿಂದಿನ ದಿನವೆಲ್ಲ ಕೆಮ್ಮಲೇ ಇಲ್ಲ ಎಂದು ಹೊಳೆಯಿತು. ಆದರೂ ಕೆಲವು ದಿನ ತಡೆದೆ, ಖಾತ್ರಿ ಮಾಡಿಕೊಂಡೆ. ಫೋನನ್ನೂ ಮಾಡಲಿಲ್ಲ, ಎದುರಿಗೇ ಹೋಗಿ ಎತ್ತಿಕೊಳ್ಳುವ ಆಸೆ. ಆಮೇಲೆ ಹೊಸ ಇಳಕಲ್ ಸೀರೆ ಉಟ್ಟು ಉಗಾರದ ಹಾದಿ ಹಿಡಿದೆ. ಕಾರ್ಖಾನೆಯಲ್ಲಿ ಕಬ್ಬು ಅರೆಯುವ ಹಂಗಾಮು ನಡೆದಿತ್ತು. ಕೃಷ್ಣೆಯ ಸೇತುವೆ ದಾಟಿದ ಮೇಲೆ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ತೆವಳಿತು. ನನಗೆ ಇಳಿದು ಓಡಬೇಕೆನಿಸಿತು.

ಮೊದಲ ಬಾರಿಗೆ ಕಟ್ಟೆಯ ಮೇಲೆ ಕೂಡದೆ ಹೊಸ್ತಿಲು ದಾಟಿದೆ. ಮೊಮ್ಮಗಳು ನಡುಮನೆಯಲ್ಲಿ ಪಾತ್ರೆ-ಭಾಂಡಿಗಳನ್ನು ಹರಡಿಕೊಂಡು ಆಡುತ್ತಿದ್ದಳು. ಬಾಯಿಯ ಮೇಲೆ ಸೆರಗಿಲ್ಲದೆ, ಎರಡೂ ಕೈ ಚಾಚಿ ಕೂತು "ಬಾ ನನ್ನ ಬಂಗಾರ" ಎಂದೆ. ಅವಳು ಎದ್ದು ಹೋಗಿ ತಾಯಿಯ ಸೀರೆಯ ಹಿಂದೆ ಅಡಗಿದಳು.

"ಆಯಿ ಬಂದಾಳ ನೋಡ" ಎಂದಳು ಮಗಳು. ನಮ್ಮ ಕಡೆ ಅಜ್ಜಿಗೆ ಆಯಿ ಅನ್ನುತ್ತಾರೆ.

ಅವಳು ನನ್ನನ್ನು ಕೆಳಗಿನಿಂದ ಮೇಲೆ ನೋಡಿ ತಲೆ ಅಲ್ಲಾಡಿಸಿದಳು. "ಈಕಿ ಆಯಿ ಅಲ್ಲ."

"ಮತ್ತ ಆಯಿ ಯಾರ?"

ಅವಳು ನನ್ನನ್ನು ಬಳಸಿಕೊಂಡು, ಸೋಕದಂತೆ, ಬಾಗಿಲಿಗೆ ಹೋದಳು. ಕಟ್ಟೆಯ ಮೇಲೆ ನಾನು ಕೂಡುವ ಜಾಗದಲ್ಲೇ ಕೂತಳು. ಫ್ರಾಕಿನ ಅಂಚನ್ನು ಎತ್ತಿ ಬಾಯಿಗೆ ಹಿಡಿದು, ಭುಜ ಕುಣಿಸಿ, ಖಕ್ ಖಕ್ ಖಕ್ ಎಂದು ಕೆಮ್ಮಿದಳು. ನಂತರ ಒಂದು ಕೈ ಮುಂದೆ ಮಾಡಿ, ಹತ್ತಿರ ಬರಬೇಡ ಎಂದು ಬೀಸಿದಳು. "ಆಯಿ ಹಿಂಗ" ಎಂದಳು.

ಮಗಳು ನಗಲು ಹೋಗಿ ಮುಖ ತಿರುಗಿಸಿದಳು. ಕೆಮ್ಮಿಲ್ಲದ ನನ್ನ ದನಿ, ಸೆರಗಿಲ್ಲದ ನನ್ನ ಮುಖ, ನನ್ನ ಪ್ರೀತಿ ಯಾವುದೂ ಆ ಮಗುವಿಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಅದೊಂದೇ.

ಸೆರಗಿನ ತುದಿಯನ್ನು ಬಾಯಿಗೆ ಹಿಡಿದು ಕೆಮ್ಮಿದೆ. ಸರಿಯಾಗಿ ಬರಲಿಲ್ಲ. ಎರಡು ವರ್ಷ ನಿಲ್ಲಿಸಲು ಒದ್ದಾಡಿದ ಕೆಮ್ಮು ಈಗ ಕರೆದರೆ ಬರಲೊಲ್ಲದು. ಮತ್ತೆ ಕೆಮ್ಮಿದೆ, ಭುಜ ಕುಣಿಸಿ, ಜೋರಾಗಿ. ಅವಳು ಕಟ್ಟೆಯಿಂದ ಇಳಿದು ಬಂದಳು. ಸೆರಗು ಎಳೆದು ನನ್ನ ಬಾಯಿಯನ್ನು ನೋಡಿದಳು. ಕಿಲಕಿಲ ನಕ್ಕು, ಧಪ್ಪನೆ ತೊಡೆಯ ಮೇಲೆ ಕೂತಳು. ಓಡಾಡುವ ಹುಡುಗಿಯ ಭಾರ ಅದು. ಕೂಸಿನ ಭಾರ ಹೇಗಿತ್ತೋ ನನಗೆ ಗೊತ್ತಾಗಲೇ ಇಲ್ಲ, ಇನ್ನು ಗೊತ್ತಾಗುವುದೂ ಇಲ್ಲ.

"ಇನ್ನೊಮ್ಮಿ ಕೆಮ್ಮ" ಎಂದಳು.

ಕೆಮ್ಮಿದೆ.